ಪಟ್ಟಿ ಬದಿಗಿಡು, ಮೊದಲು ಅಳೆ

ಪ್ರೀತಿಯ ಪುಟ್ಟೀ,

ನಿನ್ನ 1966ರ ಫೋರ್ಡ್ ಮಸ್ಟಾಂಗ್ ಕಾರಿನ 289 ಘನ ಇಂಚಿನ ಎಂಜಿನ್ನಿಗೆ ಹಾಕಬೇಕೆಂದು ನೀನು ಕಳಿಸಿದ ಬಿಡಿಭಾಗಗಳ ಪಟ್ಟಿಯನ್ನು ನಿನ್ನೆ ರಾತ್ರಿ ಊಟವಾದ ಮೇಲೆ ಕೂತು ಎರಡು ಸಲ ಓದಿದೆ. ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಅಲ್ಯೂಮಿನಿಯಂ ಹೆಡ್, ವಾಲ್ವುಗಳನ್ನು ತೆರೆಯುವ ದೊಡ್ಡ ಕ್ಯಾಮ್, ನಿಮಿಷಕ್ಕೆ 750 ಘನ ಅಡಿ ಗಾಳಿ ಬಿಡುವ 750 ಸಿಎಫ್‌ಎಂ ಕಾರ್ಬುರೇಟರ್, ಬಡಿದು ರೂಪಿಸಿದ ಫೋರ್ಜ್ಡ್ ಪಿಸ್ಟನ್, ಎಂಜಿನ್ನಿನ ನಡುಕ ತಡೆಯುವ ಹೊಸ ಬ್ಯಾಲೆನ್ಸರ್. ಫೋನಿನಲ್ಲಿ ಮಾತಾಡಿದರೆ ಅರ್ಧ ಮರೆತುಹೋಗುತ್ತದೆ, ಇನ್ನರ್ಧಕ್ಕೆ ನಾವಿಬ್ಬರೂ ವಾದಕ್ಕೆ ಇಳಿಯುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಗ್ಯಾರೇಜಿನ ಗೋಡೆಗೆ ಅಂಟಿಸಿಕೋ.

ಆ ಪಟ್ಟಿಯಲ್ಲಿರುವ ಒಂದು ಸಾಮಾನನ್ನೂ ಈಗ ಕೊಳ್ಳಬೇಡ. ಒಂದೊಂದೂ ಒಳ್ಳೆಯ ವಸ್ತುವೇ ಇರಬಹುದು. ಆದರೆ ಅವು ಒಂದಕ್ಕೊಂದು ಹೊಂದುತ್ತವೆಯೇ, ನಿನ್ನ ಎಂಜಿನ್‌ಗೆ ಹೊಂದುತ್ತವೆಯೇ ಎಂದು ಆ ಪಟ್ಟಿ ಕೇಳಿಯೇ ಇಲ್ಲ. ಮೂವತ್ತು ವರ್ಷ ಎಂಜಿನ್ ಸಿಲಿಂಡರುಗಳನ್ನು ಕೊರೆದು ಬೋರ್ ಮಾಡಿ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿಗೆ ಸಾಣೆ ಹಿಡಿದು ಹೊಟ್ಟೆ ಹೊರೆದವನು ನಾನು. ದುಬಾರಿ ಭಾಗಗಳನ್ನೆಲ್ಲ ಡಬ್ಬದಲ್ಲಿ ತುಂಬಿಕೊಂಡು ಬಂದು, ಅರ್ಧಕ್ಕರ್ಧ ವಾಪಸ್ ಒಯ್ದ ಗಿರಾಕಿಗಳ ಮುಖ ನನಗಿನ್ನೂ ನೆನಪಿದೆ.

ಬ್ಲಾಕಿನಿಂದಲೇ, ಅಂದರೆ ಸಿಲಿಂಡರುಗಳಿರುವ ಎರಕದ ಮೈಯಿಂದಲೇ ಶುರು ಮಾಡೋಣ. ಸ್ಟಾರ್ಟರ್ ಮೋಟರ್ ಬಿಚ್ಚಿ ನೀನು ತೆಗೆದ ಫೋಟೋ ಚೆನ್ನಾಗಿ ಬಂದಿದೆ. ಎರಕದಲ್ಲೇ ಉಬ್ಬಿ ಬಂದಿರುವ ಸಿ6ಎಇ ಎಂಬ ಅಕ್ಷರಗಳನ್ನು ಹೀಗೆ ಓದಬೇಕು: ಸಿ ಅಂದರೆ 1960ರ ದಶಕ, 6 ಅಂದರೆ 1966, ಎ ಅಂದರೆ ಫೋರ್ಡಿನ ದೊಡ್ಡ ಕಾರುಗಳಿಗೆಂದು ಮೊದಲು ವಿನ್ಯಾಸ ಮಾಡಿದ ಭಾಗ, ಇ ಅಂದರೆ ಎಂಜಿನ್ ವಿಭಾಗ. ಅದೇ ಎರಕವನ್ನು ಮಸ್ಟಾಂಗ್‌ಗೂ ಹಾಕಿದರು, ಆದ್ದರಿಂದ ಎ ಕಂಡು ಗಾಬರಿಯಾಗಬೇಡ. ಎರಕದ ತಾರೀಕು 6ಸಿ14 ಅಂತಿದೆ, ಅಂದರೆ 1966ರ ಮಾರ್ಚ್ 14. ನಿನ್ನ ಬಾಗಿಲಿನ ತಟ್ಟೆಯ ಮೇಲಿರುವ ದಿನ ಏಪ್ರಿಲ್ 4. ಮೂರು ವಾರದ ಅಂತರ. ಎಷ್ಟು ಸರಿಯಾಗಿ ಕೂಡಿಬಂದಿದೆ ನೋಡು! ಕೆ-ಕೋಡ್ ಎಂಬ ಹೆಚ್ಚು ಶಕ್ತಿಯ ಎಂಜಿನ್ ಬಿಟ್ಟರೆ ಆ ವರ್ಷದ ಮಸ್ಟಾಂಗ್ ಬ್ಲಾಕಿನ ಮೇಲೆ ಗಾಡಿಯ ನಂಬರ್ ಒತ್ತುತ್ತಿರಲಿಲ್ಲ. ಈ ತಾರೀಕುಗಳೇ ನಮಗಿರುವ ಸಾಕ್ಷಿ. ನಿನ್ನ ಗಾಡಿ ನಂಬರಿನಲ್ಲಿರುವ ಎಫ್ ಅಕ್ಷರ ಡಿಯರ್‌ಬಾರ್ನ್ ಕಾರ್ಖಾನೆಯದು, ಇಲ್ಲಿ ಇಪ್ಸಿಲ್ಯಾಂಟಿಯ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಹುಟ್ಟಿದಾಗಿನಿಂದ ಗಾಡಿಯ ಜೊತೆಗಿರುವ ಎಂಜಿನ್ ಇದು ಎಂದು ನನಗೆ ಹೆಚ್ಚುಕಡಿಮೆ ಖಾತ್ರಿಯಾಗಿದೆ. ಅದನ್ನು ಉಳಿಸಿಕೊಳ್ಳಲೇಬೇಕು.

ಉಳಿಯುತ್ತದೋ ಇಲ್ಲವೋ ಗೊತ್ತಾಗುವುದು ಅಳತೆಯಿಂದ. 289ರ ಮೂಲ ಬೋರ್, ಅಂದರೆ ಸಿಲಿಂಡರಿನ ಅಗಲ, ಸರಿಯಾಗಿ 4 ಇಂಚು; ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 2.87 ಇಂಚು. ಪಿಸ್ಟನ್ ರಿಂಗ್ ಮೇಲೆ ಬಂದು ನಿಲ್ಲುವ ಜಾಗದಲ್ಲಿ ಗೋಡೆ ಹೆಚ್ಚು ಸವೆದಿರುತ್ತದೆ, ಅದರ ಮೇಲೆ ಸವೆಯದ ಒಂದು ಅಂಚು ಉಳಿದಿರುತ್ತದೆ. ಉಗುರು ಎಳೆದು ನೋಡು, ಸಿಕ್ಕಿಕೊಳ್ಳುತ್ತದೆ. ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಇಟ್ಟು ಎಂಟೂ ಸಿಲಿಂಡರಿನ ಲೆಕ್ಕ ಬರೆಯಬೇಕು. ಹಿಂದೆ ಯಾರೂ ಮುಟ್ಟಿಲ್ಲದಿದ್ದರೆ ಇಂಚಿನ 30 ಸಾವಿರಾಂಶ ದೊಡ್ಡದು ಮಾಡಿದರೆ ಸಾಕಾಗಬಹುದು. ಆಗ 289 ಹೋಗಿ ಸುಮಾರು 293 ಘನ ಇಂಚು ಆಗುತ್ತದೆ, ಅಷ್ಟೇ. ಯಾರಾದರೂ ಆಗಲೇ 30 ತೆಗೆದಿದ್ದರೆ ಮುಂದಿನ ದಾರಿ ಕಿರಿದು. 60ರವರೆಗೆ ಹೋಗುವವರಿದ್ದಾರೆ, ಆದರೆ ನೀರಿನ ಕಡೆಯ ಗೋಡೆ ತೆಳುವಾಗಿ ಎಂಜಿನ್ ಕಾಯತೊಡಗಿದರೆ ಅದಕ್ಕೆ ಮದ್ದಿಲ್ಲ. ಪಿಸ್ಟನ್ ಯಾವ ಸೈಜು ಎಂಬುದು ಈ ಲೆಕ್ಕ ಕೈಗೆ ಬಂದ ಮೇಲಿನ ಮಾತು. ಪಿಸ್ಟನ್ ತಂದುಕೊಟ್ಟ ಮೇಲೇ ಅದನ್ನು ಅಳೆದು ಅದಕ್ಕೆ ತಕ್ಕಂತೆ ಬೋರನ್ನು ಕೊನೆಯಲ್ಲಿ ನಯವಾಗಿ ಉಜ್ಜಿ ಹೋನ್ ಮಾಡುವವನು ಒಳ್ಳೆಯ ಕೆಲಸಗಾರ. ಫೋರ್ಜ್ಡ್ ಪಿಸ್ಟನ್ ಬಿಸಿಗೆ ಹೆಚ್ಚು ಹಿಗ್ಗುತ್ತದೆ, ಅದಕ್ಕೆ ಸಡಿಲ ಜಾಸ್ತಿ ಬಿಡಬೇಕು, ಬೆಳಗಿನ ಚಳಿಯಲ್ಲಿ ಲೊಟಲೊಟ ಸದ್ದು ಮಾಡುತ್ತದೆ. ಭಾನುವಾರ ಓಡಿಸುವ ನಿನ್ನ ಗಾಡಿಗೆ ಎರಕದ ಪಿಸ್ಟನ್ನೇ ಸರಿ.

ನಿನ್ನ ತಾತ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಎರಕದ ಶೆಡ್ಡಿನಲ್ಲಿದ್ದರು. ಚಿಕ್ಕವನಿದ್ದಾಗ ಒಮ್ಮೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಸಾಲಾಗಿ ಇಟ್ಟಿದ್ದ ಎರಕದ ತುಂಡುಗಳ ಮೇಲೆ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಟಣ್, ಟಣ್, ಟಣ್. ನಾಲ್ಕನೆಯದು ‘ದಪ್’ ಅಂದಿತು. ಅವರು ಏನೂ ಹೇಳದೆ ಸುಣ್ಣದ ಕಡ್ಡಿಯಿಂದ ಅದರ ಮೇಲೊಂದು ಅಡ್ಡಗೆರೆ ಎಳೆದರು. ಒಳಗೆ ಬಿರುಕು. ಬ್ಲಾಕನ್ನು ತೊಳೆದು, ಬೇರಿಂಗ್ ಕ್ಯಾಪ್ ಎಲ್ಲ ಬಿಚ್ಚಿ, ಮರದ ತುಂಡಿನ ಮೇಲೆ ಇಟ್ಟಮೇಲೆ ನೀನೂ ಹಾಗೆ ತಟ್ಟಿ ಕೇಳು. ಕಾಂತದ ಪರೀಕ್ಷೆ ಆಮೇಲೆ ಶಾಪಿನಲ್ಲಿ ಮಾಡಿಸಲೇಬೇಕು. ಆದರೆ ಕಿವಿಯೂ ಒಂದು ಉಪಕರಣ ಅಂತ ನಾನು ಕಲಿತದ್ದು ಆ ದಿನ.

ಬ್ಯಾಲೆನ್ಸರ್ ವಿಷಯಕ್ಕೆ ಬರುತ್ತೇನೆ. ಪಟ್ಟಿಯಲ್ಲಿ ನನ್ನ ಎದೆ ಧಸಕ್ಕೆಂದದ್ದು ಇಲ್ಲೇ. ನೀನು ಗುರುತು ಹಾಕಿರುವುದು 1980ರ ದಶಕದ 5.0 ಲೀಟರ್ ಎಂಜಿನ್ನಿನದು. ನೋಡಲು ಒಂದೇ ಥರ, ಬೆಲೆಯೂ ಕಡಿಮೆ, ಕ್ರ್ಯಾಂಕಿನ ಮೂತಿಗೆ ಸಲೀಸಾಗಿ ಕೂರುತ್ತದೆ ಕೂಡ. ಆದರೆ ಈ ಕುಟುಂಬದ ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ತೂಕವನ್ನು ಸರಿದೂಗಿಸುವ ಒಂದು ಪಾಲು ಹೊರಗಿರುತ್ತದೆ: ಮುಂದೆ ಬ್ಯಾಲೆನ್ಸರಿನಲ್ಲಿ, ಹಿಂದೆ ಗೇರ್‌ಬಾಕ್ಸಿನ ಕಡೆ ಕೂರುವ ಫ್ಲೆಕ್ಸ್‌ಪ್ಲೇಟ್ ಎಂಬ ತಟ್ಟೆಯಲ್ಲಿ. ನಿನ್ನ 289ಕ್ಕೆ ಬೇಕಾದದ್ದು 28 ಔನ್ಸಿನದು. ಆ 5.0 ಲೀಟರಿನದು 50 ಔನ್ಸ್. ಅದನ್ನು ಹಾಕಿ ಸ್ಟಾರ್ಟ್ ಮಾಡಿದರೆ ಸ್ಟಿಯರಿಂಗಿನವರೆಗೂ ನಡುಕ ಬರುತ್ತದೆ, ಹಾಗೇ ಓಡಿಸಿದರೆ ಬೇರಿಂಗ್ ತಿಂದುಹಾಕುತ್ತದೆ. ಫ್ಲೆಕ್ಸ್‌ಪ್ಲೇಟ್ ಕೊಳ್ಳುವಾಗಲೂ ಇದೇ 28 ಎಂಬ ಅಂಕಿ ಕೇಳು. ನಿನ್ನದರ ಮುಂದಿನ ಪುಲ್ಲಿಗೆ ಮೂರೇ ಬೋಲ್ಟ್, ಆಮೇಲಿನವಕ್ಕೆ ನಾಲ್ಕು. ಅಂಗಡಿಯಲ್ಲಿ ಸಂಶಯ ಬಂದರೆ ಮೊದಲು ಬೋಲ್ಟ್ ತೂತು ಎಣಿಸು.

ಹೆಡ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮೂಲ ಕಬ್ಬಿಣದ ಹೆಡ್ ಬಿರುಕಿಲ್ಲದಿದ್ದರೆ ಅವೇ ಇರಲಿ. ಸೀಸ ಬೆರೆತ ಪೆಟ್ರೋಲು ಹೋದ ಮೇಲೆ ಎಕ್ಸಾಸ್ಟ್ ವಾಲ್ವಿನ ಸೀಟು ಸವೆಯುತ್ತದೆ, ಗಟ್ಟಿ ಸೀಟು ಕೂರಿಸಲೇಬೇಕು ಎಂದು ಎಲ್ಲರೂ ಹೆದರಿಸುತ್ತಾರೆ. ಗಂಟೆಗಟ್ಟಲೆ ಭಾರ ಎಳೆಯುವ ಗಾಡಿಗೆ ಅದು ನಿಜ. ನಿನ್ನ ಸೀಟು ಈಗಾಗಲೇ ಒಳಗೆ ಕುಸಿದಿದ್ದರೆ ಎಕ್ಸಾಸ್ಟಿಗೆ ಮಾತ್ರ ಹಾಕಿಸು; ಚೆನ್ನಾಗಿದ್ದರೆ ಸುಮ್ಮನೆ ಕೊರೆಸಬೇಡ, ಆ ಕೊರೆತದ ಹಿಂದೆಯೇ ನೀರಿದೆ. ಇನ್ನೊಂದು ಸಂಗತಿ. 1966ರ ಮಧ್ಯದಲ್ಲಿ ಫೋರ್ಡಿನವರು ವಾಲ್ವನ್ನು ಒತ್ತುವ ರಾಕರ್ ಎಂಬ ಸನ್ನೆಯ ರೀತಿಯನ್ನೇ ಬದಲಿಸಿದರು. ಹಳೆಯ ಹೆಡ್ಡಿನಲ್ಲಿ ರಾಕರನ್ನು ಕೆಳಗಿನಿಂದ ತಳ್ಳುವ ಪುಶ್‌ರಾಡ್ ಹೋಗುವ ತೂತು ಕಿರಿದಾದ ಸೀಳಿನಂತಿದ್ದು ಅದೇ ರಾಡನ್ನು ನೆಟ್ಟಗೆ ಹಿಡಿಯುತ್ತದೆ. ಆಮೇಲಿನದರಲ್ಲಿ ತೂತು ಅಗಲ, ರಾಕರಿನ ತುದಿಯಲ್ಲೇ ಎರಡು ಅಂಚು ಇದ್ದು ಅವು ವಾಲ್ವಿನ ತುದಿಯನ್ನು ತಬ್ಬಿಕೊಳ್ಳುತ್ತವೆ. ಆಮೇಲಿನ ರಾಕರನ್ನು ಹಳೆಯ ವಾಲ್ವಿಗೆ ಹಾಕಿದರೆ ಆ ಅಂಚು ವಾಲ್ವ್ ಸ್ಪ್ರಿಂಗನ್ನು ಹಿಡಿದಿರುವ ರಿಟೇನರಿಗೆ ಬಡಿಯುತ್ತದೆ. ನಿನ್ನದು ಏಪ್ರಿಲ್ ಗಾಡಿ, ಸೀಳು ಇರಬೇಕು. ಆದರೆ ಅರವತ್ತು ವರ್ಷದಲ್ಲಿ ಯಾರು ಯಾವ ಹೆಡ್ ಹಾಕಿದ್ದಾರೋ! ಕವರ್ ತೆಗೆದು ನೋಡಿ ನನಗೆ ಹೇಳು.

ಈಗ ಕ್ಯಾಮ್. ಪಿಕಪ್ ಕಥೆ ನಿನಗೆ ನೆನಪಿದೆಯಾ? ನಿನಗಾಗ ಒಂಬತ್ತು ವರ್ಷ, ಆ ಹಸಿರು ಪಿಕಪ್ಪಿನ 302 ಎಂಜಿನ್ ಮೊದಲ ಸಲ ಹೊತ್ತಿಕೊಂಡಾಗ ನೀನೇ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಹೊಸ ಕ್ಯಾಮ್, ಅದರ ಮೇಲೆ ಕೂತು ಪುಶ್‌ರಾಡನ್ನು ಎತ್ತುವ ಹೊಸ ಲಿಫ್ಟರ್. ಸದ್ದು ಎಷ್ಟು ಹದವಾಗಿತ್ತೆಂದರೆ ನಾನು ಖುಷಿಯಲ್ಲಿ ಹತ್ತು ನಿಮಿಷ ಐಡಲಿನಲ್ಲೇ ಬಿಟ್ಟೆ. ಮನೆಯಲ್ಲಿದ್ದ ಮಾಮೂಲಿ ಆಯಿಲ್ ಹಾಕಿದ್ದೆ. ಎರಡು ವಾರಕ್ಕೆ ಒಂದು ಸಿಲಿಂಡರ್ ಸೀನತೊಡಗಿತು. ಆಯಿಲ್ ಫಿಲ್ಟರ್ ಕೊಯ್ದು ಬಿಚ್ಚಿದಾಗ ಅದರ ಮಡಿಕೆಗಳಲ್ಲಿ ಬೆಳ್ಳಿಯ ಹುಡಿಯಂತೆ ಲೋಹ ಮಿನುಗುತ್ತಿತ್ತು. ನೀನು ‘ಅಪ್ಪಾ, ಗ್ಲಿಟರ್!’ ಅಂದೆ. ಕ್ಯಾಮ್ ಹೊರಗೆಳೆದರೆ ಒಂದು ಲೋಬಿನ, ಅಂದರೆ ಲಿಫ್ಟರನ್ನು ಎತ್ತುವ ಉಬ್ಬಿನ ಮೂತಿ ಸವೆದು ಗುಂಡಗಾಗಿತ್ತು, ಅದರ ಲಿಫ್ಟರಿನ ತಳ ಬಟ್ಟಲಿನಂತೆ ಒಳಗೆ ತಗ್ಗಿತ್ತು. ತಪ್ಪು ಪೂರಾ ನನ್ನದು. ಎಷ್ಟೋ ಜನರ ಎಂಜಿನ್ ಕಟ್ಟಿದವನು ಸ್ವಂತದ್ದಕ್ಕೆ ಆತುರಪಟ್ಟಿದ್ದೆ.

ಚಪ್ಪಟೆ ತಳದ ಲಿಫ್ಟರ್ ಲೋಬಿನ ಮೇಲೆ ಉಜ್ಜಿಕೊಂಡೇ ಹೋಗುತ್ತದೆ. ಆ ಒತ್ತಡದಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಆಯಿಲಿನಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ, ಜನ ಅದನ್ನು ಜಿಂಕ್ ಅಂತಾರೆ. ರಂಜಕ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆಂದು ಹೊಸ ಕಾರುಗಳ ಆಯಿಲಿನಲ್ಲಿ ಅದನ್ನು ಇಳಿಸುತ್ತಾ ಬಂದರು. ಹೊಸ ಕಾರಿಗೆ ಅದು ಸರಿ, ನಿನ್ನ 289ಕ್ಕೆ ಸಾಲದು. ಆದ್ದರಿಂದ ಪಟ್ಟಿಯಲ್ಲಿ ಕ್ಯಾಮಿನ ಪಕ್ಕದಲ್ಲೇ ಬ್ರೇಕ್-ಇನ್ ಆಯಿಲ್ ಎಂದು ಬರೆ, ಅದೂ ಒಂದು ಬಿಡಿಭಾಗ ಅಂತಲೇ ತಿಳಿ. ಲೋಬುಗಳಿಗೆ ಕಪ್ಪು ಪೇಸ್ಟ್ ಬಳಿ. ಡಿಸ್ಟ್ರಿಬ್ಯೂಟರ್ ತೆಗೆದು ಡ್ರಿಲ್ಲಿನಿಂದ ಆಯಿಲ್ ಪಂಪು ತಿರುಗಿಸಿ, ರಾಕರುಗಳಲ್ಲಿ ಆಯಿಲ್ ಜಿನುಗುವವರೆಗೂ ಕಾಯಿ. ಹೊತ್ತಿಕೊಂಡ ಕ್ಷಣದಿಂದ ನಿಮಿಷಕ್ಕೆ 2,000ಕ್ಕೂ 2,500 ಸುತ್ತಿಗೂ ನಡುವೆ ಇಪ್ಪತ್ತು ನಿಮಿಷ ಓಡಬೇಕು, ಐಡಲಿಗೆ ಇಳಿಸಕೂಡದು. ಹಳೆಯ ಲಿಫ್ಟರನ್ನು ಹೊಸ ಕ್ಯಾಮಿನ ಮೇಲೆ ಎಂದೂ ಹಾಕಬೇಡ.

ಕ್ಯಾಮಿನ ಸೈಜು? ಗಾಡಿ ನಿಂತಲ್ಲೇ ಗುಡುಗುಡು ಅನ್ನುವುದು ನಿನಗಿಷ್ಟ, ಗೊತ್ತು. ನಿನ್ನದು ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಮೂಲ ಟಾರ್ಕ್ ಕನ್ವರ್ಟರ್. ದೊಡ್ಡ ಕ್ಯಾಮ್ ಹಾಕಿದರೆ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಬೀಳುತ್ತದೆ, ಸಿಗ್ನಲ್ಲಿನಲ್ಲಿ ಗೇರ್ ಹಾಕಿ ನಿಂತರೆ ಆಫ್ ಆಗುತ್ತದೆ, ನೀನು ಹಾಕಬೇಕೆಂದಿರುವ ಪವರ್ ಬ್ರೇಕೂ ಬಿಗಿಯಾಗುತ್ತದೆ. ಲಿಫ್ಟರ್ 0.050 ಇಂಚು ಎದ್ದಲ್ಲಿಂದ ಅಳೆದ ಡ್ಯುರೇಶನ್, ಅಂದರೆ ಕ್ಯಾಮ್ ವಾಲ್ವನ್ನು ತೆರೆದಿಡುವ ಅವಧಿ, 210 ಡಿಗ್ರಿ ದಾಟದಿರಲಿ.

ಕಾರ್ಬುರೇಟರ್ ಲೆಕ್ಕ ನೀನೇ ಮಾಡಿ ನೋಡು, ಕೂಡಿ ಕಳೆಯುವಷ್ಟು ಸುಲಭ. ಒಂದು ಘನ ಅಡಿಗೆ 1,728 ಘನ ಇಂಚು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ, ಅದಕ್ಕೆ 3,456. 289ನ್ನು ನಿಮಿಷಕ್ಕೆ 5,500 ಸುತ್ತಿಗೆ ಗುಣಿಸಿ 3,456ರಿಂದ ಭಾಗಿಸಿದರೆ 460 ಬರುತ್ತದೆ. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ನೂರಕ್ಕೆ 85 ಎಂದು ಹಿಡಿದರೆ 391. ನಿನ್ನ 750 ಇದರ ಹೆಚ್ಚುಕಡಿಮೆ ಎರಡರಷ್ಟು. ಅಷ್ಟಗಲದ ಗಂಟಲಲ್ಲಿ ಗಾಳಿ ನಿಧಾನವಾಗಿ ಹೋಗುತ್ತದೆ, ಪೆಟ್ರೋಲನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ, ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತದೆ. ನಿನ್ನ ಎಂಜಿನ್ನಿನ ಬಗೆಯಾದ ಸಿ-ಕೋಡಿಗೆ ಎರಡು ಬ್ಯಾರೆಲ್, ಅಂದರೆ ಎರಡು ಗಂಟಲಿನ ಕಾರ್ಬುರೇಟರ್ ಕೊಟ್ಟು 200 ಹಾರ್ಸ್‌ಪವರ್ ಅಂದಿದ್ದರು. ಅದೇ ವರ್ಷದ ಎ-ಕೋಡಿಗೆ ಆಟೋಲೈಟ್ 4100 ಎಂಬ ನಾಲ್ಕು ಬ್ಯಾರೆಲ್, ಜೊತೆಗೆ ಹೆಚ್ಚಿನ ಕಂಪ್ರೆಶನ್, 225. ಆ 4100ರ ಚಿಕ್ಕದು 480 ಸಿಎಫ್‌ಎಂ. ನಾಲ್ಕು ಬ್ಯಾರೆಲ್ಲೇ ಬೇಕೆಂದರೆ ಅದಕ್ಕೆ ತಕ್ಕ ಮ್ಯಾನಿಫೋಲ್ಡ್ ಜೊತೆ ಇದನ್ನೇ ಹುಡುಕು. ನನ್ನ ಮನಸ್ಸು ಕೇಳಿದರೆ, ನಿನ್ನ ಎರಡು ಬ್ಯಾರೆಲ್ಲನ್ನೇ ಬಿಚ್ಚಿ ತೊಳೆದು ಒಂದು ಬೇಸಿಗೆ ಓಡಿಸು ಅನ್ನುತ್ತೇನೆ.

ನಿನ್ನ ಬಳಿಯಿರುವ, ಡಬ್ಬದಲ್ಲೇ ಉಳಿದ ಆ ಹಳೇ ಫ್ಯುಯೆಲ್ ಪಂಪನ್ನು ಹಾಕಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡ. ಅರವತ್ತರ ದಶಕದಲ್ಲಿ ತಯಾರಾಗಿ ಸೀಲ್ ಒಡೆಯದೆ ಉಳಿದ ಮೂಲ ಭಾಗ ಸಿಕ್ಕರೆ ನನಗೂ ಕೈ ತುರಿಸುತ್ತದೆ. ಕಬ್ಬಿಣದ್ದಾದರೆ ಕಣ್ಣು ಮುಚ್ಚಿ ತಗೋ. ಆದರೆ ಪಂಪಿನೊಳಗಿರುವ ಡಯಾಫ್ರಮ್ ಎಂಬ ರಬ್ಬರ್ ಪರದೆ ಡಬ್ಬದಲ್ಲೇ ಕೂತು ಮುದಿಯಾಗಿದೆ, ಮೇಲೆ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರಷ್ಟು ಎಥನಾಲ್ ಬೇರೆ. ಹರಿದರೆ ಪೆಟ್ರೋಲ್ ನೇರ ಆಯಿಲಿಗೆ ಇಳಿಯುತ್ತದೆ. ಡಬ್ಬ ಬೀರುವಿನಲ್ಲಿ ಚೆಂದ ಕಾಣುತ್ತದೆ; ಎಂಜಿನ್ನಿಗೆ ಹೊಸ ರಬ್ಬರಿನ ಪಂಪು ಹಾಕು. ಫ್ಯುಯೆಲ್ ಹೋಸೂ ಅಷ್ಟೇ.

ಶನಿವಾರ ಬೆಳಗ್ಗೆ ಟೊಲೀಡೋಗೆ ಬರುತ್ತೇನೆ. ಮೈಕ್ರೋಮೀಟರ್, ಬೋರ್ ಗೇಜ್ ಎರಡೂ ತರುತ್ತೇನೆ, ಅಮ್ಮ ಚಕ್ಕುಲಿ ಡಬ್ಬಿ ಕಟ್ಟಿಡುತ್ತಿದ್ದಾಳೆ. ಹಿಂದಿನ ರಾತ್ರಿಯೇ ಬ್ಲಾಕನ್ನು ಒಳಗಿಟ್ಟಿರು. ಚಳಿ ಹಿಡಿದ ಕಬ್ಬಿಣ ಅಳತೆಯಲ್ಲಿ ಸುಳ್ಳು ಹೇಳುತ್ತದೆ. ಅಲ್ಲಿಯವರೆಗೆ ನಿನಗೊಂದೇ ಕೆಲಸ. ಕ್ರ್ಯಾಂಕಿನಿಂದ ತೆಗೆದ ಹಳೆಯ ಬೇರಿಂಗ್ ಚಿಪ್ಪುಗಳನ್ನು ಬಿಸಾಡಬೇಡ. ಒಂದೊಂದರ ಬೆನ್ನನ್ನೂ ಒರೆಸಿ ಬೆಳಕಿಗೆ ಹಿಡಿದು ನೋಡು: 010 ಎಂದೋ 020 ಎಂದೋ ಒತ್ತಿದ್ದರೆ ಕ್ರ್ಯಾಂಕಿಗೆ ಹಿಂದೆ ಯಾರೋ ಸಾಣೆ ಹಿಡಿಸಿದ್ದಾರೆ ಎಂದರ್ಥ. ಯಾವ ಚಿಪ್ಪು ಯಾವ ಜಾಗದ್ದು ಎಂದು ಚೀಟಿ ಬರೆದು, ಮೊಟ್ಟೆಯ ಟ್ರೇಯಲ್ಲಿ ಸಾಲಾಗಿ ಜೋಡಿಸಿಡು.

ಇಂತಿ ನಿನ್ನ
ಅಪ್ಪ