ಪೋರ್ಟೊದಲ್ಲಿರುವ ಸಹನಾಗೆ, ‘ಇಲ್ಲಿ’ ‘ಅಲ್ಲಿ’ ವಿಚಾರ

ಪ್ರೀತಿಯ ಸಹನಾ,

ದೊಡ್ಡಪ್ಪನ ಆಶೀರ್ವಾದಗಳು. ಪೋರ್ಚುಗೀಸ್ ಪಾಠ ಶುರುವಾಗಿದೆ ಅಂತ ಬರೆದಿದ್ದೀಯ, ಸಂತೋಷ. ಒಂದು ಮಾತು ಹೇಳುತ್ತೇನೆ. ಜಾಗ ಹೇಳುವ ಪದಗಳನ್ನು ಇಂಗ್ಲಿಷಿನ ಹಿಯರ್, ದೇರ್ ಜೊತೆ ಜೋಡಿಸಿ ಬಾಯಿಪಾಠ ಮಾಡಬೇಡ.

ಆ ಭಾಷೆಯಲ್ಲಿ ಮೂರು ಜಾಗ ಉಂಟು. ನಾನಿರುವುದು ‘ಅಕಿ’. ನೀನಿರುವುದು ‘ಅಈ’. ಇಬ್ಬರಿಂದಲೂ ಆಚೆಗಿರುವುದು ‘ಅಲಿ’. ಲಿಸ್ಬನ್‌ನಲ್ಲಿರುವ ಗೆಳತಿಗೆ ಫೋನ್ ಮಾಡಿ ಅಲ್ಲಿ ಮಳೆನಾ ಅಂತ ಕೇಳಬೇಕಾದರೆ ‘ಅಈ’ ಅನ್ನಬೇಕು. ಎಷ್ಟೇ ದೂರವಿದ್ದರೂ ಅದು ಅವಳಿರುವ ಜಾಗ, ಅಲ್ವಾ? ನಮಗೆ ಈಗ ಎರಡೇ ಉಳಿದಿವೆ, ಆದರೆ ಹಳಗನ್ನಡದಲ್ಲಿ ಇವಂ, ಅವಂ ನಡುವೆ ಉವಂ ಅಂತಲೂ ಇತ್ತು, ಹಾಗಾಗಿ ಈ ಮೂರರ ಲೆಕ್ಕ ನಮಗೆ ತೀರಾ ಹೊಸದೇನಲ್ಲ.

‘ಅಲಿ’ ನಮ್ಮ ಅಲ್ಲಿ ಥರವೇ ಕೇಳುತ್ತದೆ, ಅರ್ಥವೂ ಅದೇ. ನೆನಪಿಡೋಕೆ ಸುಲಭ, ಆದರೆ ನಂಟಿದೆ ಅಂತ ಸುಮ್ನೆ ನಂಬಬೇಡ. ಅದು ಬಂದದ್ದು ಲ್ಯಾಟಿನ್‌ನ ‘ಇಲ್ಲಿಕ್’ನಿಂದ, ಲ್ಯಾಟಿನ್‌ನಲ್ಲಿ ಅದರರ್ಥ ಅಲ್ಲಿ! ‘ಇಲ್ಲಿ’ಗೆ ಅವರು ‘ಹಿಕ್’ ಅನ್ನುತ್ತಿದ್ದರು. ಅಷ್ಟು ಚಿಕ್ಕ ಪದ ಆಡುಮಾತಲ್ಲಿ ಸವೆಯುತ್ತಾ ಬಂತು, ಜನ ಅದರ ಮುಂದೆ ‘ಎಕ್ಕುಂ’ ಅಂತ, ಅಂದರೆ ‘ಇಗೋ’ ಅಂತ ಸೇರಿಸಿ ಹೇಳತೊಡಗಿದರು. ಎರಡೂ ಬೆಸೆದು ‘ಅಕಿ’ ಆಯಿತು.

‘ಕಾ’, ‘ಲಾ’ ಬೇರೆ ಜೋಡಿ. ಬೆರಳಿಟ್ಟು ತೋರಿಸುವ ಜಾಗಕ್ಕಿಂತ ಈ ಕಡೆ, ಆ ಕಡೆ ಅನ್ನುವುದಕ್ಕೆ ಇವು ಜಾಸ್ತಿ. ಬ್ರೆಜಿಲ್‌ನವರ ವೀಡಿಯೊದಲ್ಲಿ ‘ಕಾ’ ಕಡಿಮೆ, ನೀನಿರುವ ಊರಲ್ಲಿ ಮಾತುಮಾತಿಗೂ ಬರುತ್ತದೆ. ‘ಸೇಯ್ ಲಾ’ ಅಂತ ಯಾರಾದರೂ ಅಂದರೆ ಅಲ್ಲೇನಿದೆ ಅಂತ ಹುಡುಕಬೇಡ, ‘ನನಗೇನು ಗೊತ್ತು’ ಅಂದದ್ದು ಅಷ್ಟೇ.

ನನಗೆ ಬಹಳ ಇಷ್ಟವಾದದ್ದು ‘ಎಲ್ಲಿ’ಯ ಕಥೆ. ಲ್ಯಾಟಿನ್‌ನಲ್ಲಿ ‘ಊಬಿ’ ಅಂದರೆ ಎಲ್ಲಿ, ‘ಉಂದೆ’ ಅಂದರೆ ಎಲ್ಲಿಂದ. ಎರಡನೆಯದೇ ‘ಓಂದೆ’ ಆಗಿ ಎಲ್ಲಿ ಅನ್ನುವ ಜಾಗಕ್ಕೆ ಬಂದು ಕೂತಿತು. ಆಮೇಲೆ ಎಲ್ಲಿಂದ ಅನ್ನಲು ಪದವಿಲ್ಲ, ‘ದೆ’ ಸೇರಿಸಿ ‘ದೋಂದೆ’ ಮಾಡಿಕೊಂಡರು. ಸ್ಪ್ಯಾನಿಷ್‌ನಲ್ಲಿ ಆ ‘ದೋಂದೆ’ಯೂ ಸವೆದು ಬರೀ ಎಲ್ಲಿ ಆಗಿಬಿಟ್ಟಿದೆ, ಅವರು ಇನ್ನೊಂದು ‘ದೆ’ ಹಚ್ಚಬೇಕಾಯಿತು!

ಹಳೆಯ ‘ಊಬಿ’ ಕೂಡ ಪೂರ್ತಿ ಸತ್ತಿರಲಿಲ್ಲ. 1279ರಿಂದ 1325ರವರೆಗೆ ಪೋರ್ಚುಗಲ್ ಆಳಿದ ರಾಜ ದಿನಿಸ್ ಕವಿಯೂ ಹೌದು. ಅವನ ಒಂದು ಹಾಡಿನಲ್ಲಿ ಹುಡುಗಿಯೊಬ್ಬಳು ಪೈನ್ ಮರದ ಹೂಗಳನ್ನು ಕೇಳುತ್ತಾಳೆ, ನನ್ನ ಇನಿಯ ಎಲ್ಲಿ ಅಂತ. ಅಲ್ಲಿ ಎಲ್ಲಿ ಅನ್ನುವುದಕ್ಕೆ ಇರುವುದು ಒಂದೇ ಅಕ್ಷರ, ‘ಊ’. ಆಗ ಗಲೀಸಿಯ (ಪೋರ್ಚುಗಲ್‌ನ ಉತ್ತರಕ್ಕೆ, ಈಗ ಸ್ಪೇನ್‌ನಲ್ಲಿರುವ ಸೀಮೆ), ಪೋರ್ಚುಗಲ್ ಎರಡೂ ಕಡೆಯ ಕವಿಗಳು ಒಂದೇ ಭಾಷೆಯಲ್ಲಿ ಹಾಡು ಕಟ್ಟುತ್ತಿದ್ದರು. ಇವತ್ತಿನ ಪೋರ್ಚುಗೀಸ್ ದಿನಬಳಕೆಯಲ್ಲಿ ಈ ‘ಊ’ ಇಲ್ಲ. ಗಲೀಸಿಯನ್‌ನಲ್ಲಿ ಇದೆ, ‘ಊಲೊ’, ‘ಊಲಾ’ ಅಂತ, ಅವನೆಲ್ಲಿ, ಅವಳೆಲ್ಲಿ.

ಅದಕ್ಕೇ ಹೇಳುವುದು, ರಜೆಯಲ್ಲಿ ಗಡಿಯ ಮಿನ್ಯೊ ನದಿ ದಾಟಿ ಗಲೀಸಿಯದ ವಿಗೊ ಊರಿನ ಕಡೆ ಹೋಗಿ ಬಾ. ಮಾರುಕಟ್ಟೆಯಲ್ಲಿ ವಯಸ್ಸಾದವರು ಮಾತಾಡುವುದನ್ನು ಕಿವಿಗೊಟ್ಟು ಕೇಳು, ಯಾವ ಜಾಗಕ್ಕೆ ಯಾವ ಪದ ಹಾಕುತ್ತಾರೆ ಅಂತ ಬರೆದಿಟ್ಟುಕೋ. ನನಗೂ ಕಳಿಸು.

ನಿನ್ನ ದೊಡ್ಡಪ್ಪ