ಗಾಯಾಳು ಯೋಧನ ಮನೆಗೆ ಹೋಗುವ ಮುನ್ನ

ಹಾಸನ

ಪ್ರೀತಿಯ ತಮ್ಮ,

ಕಾಲು ಕಳೆದುಕೊಂಡ ಯೋಧನೊಬ್ಬ ಸಕಲೇಶಪುರದ ಕಡೆ ಊರಿಗೆ ಬಂದಿದ್ದಾನೆ, ಅವನ ಬಗ್ಗೆ ಬರೆಯಬೇಕು, ಏನೇನು ಕೇಳಲಿ ಅಂತ ಬರೆದಿದ್ದೀಯ. ಅವನು ಇನ್ನೂ ಸೇವೆಯಲ್ಲಿದ್ದಾನೋ ನಿವೃತ್ತನೋ ಎಂಬುದನ್ನು ಮೊದಲು ತಿಳಿದುಕೋ. ಸೇವೆಯಲ್ಲಿರುವವನು ಸೇನೆಯ ವಿಷಯವನ್ನು ಅನುಮತಿಯಿಲ್ಲದೆ ಪತ್ರಿಕೆಗೆ ಹೇಳುವಂತಿಲ್ಲ. 1954ರ ಸೇನಾ ನಿಯಮಗಳಲ್ಲಿ 21ನೆಯದು ಅದೇ. ಜಗಲಿ ಮೇಲೆ ಕೂತು ಸಲಿಗೆಯಿಂದ ಆಡಿದ ಎರಡು ಮಾತು ನಿನಗೆ ಬೈಲೈನ್ ಆದೀತು, ಅವನ ಮೇಲೆ ವಿಚಾರಣೆ ಬಂದೀತು. ತುಕಡಿ, ಪೋಸ್ಟು, ಗಾಯವಾದ ಜಾಗ ಬೇಕೇಬೇಕಿದ್ದರೆ ರಕ್ಷಣಾ ಇಲಾಖೆಯ ಸಾರ್ವಜನಿಕ ಸಂಪರ್ಕಾಧಿಕಾರಿ, ಅಂದರೆ ಪಿಆರ್‌ಒ ಅವರನ್ನು ಕೇಳು.

ಗುಂಡು ಬಿದ್ದಾಗ ಏನನ್ನಿಸಿತು ಎಂದು ಕೇಳಲೇಬೇಡ. ಕಾಲಿನ ಬಗ್ಗೆ ಕೇಳು. ಹೊಸದಾಗಿ ಕತ್ತರಿಸಿದ ಕಾಲು ಊತ ಇಳಿದ ಹಾಗೆ ತಿಂಗಳುಗಟ್ಟಲೆ ಸಣ್ಣಗಾಗುತ್ತಾ ಹೋಗುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಕೃತಕ ಕಾಲು ಮಧ್ಯಾಹ್ನದ ಹೊತ್ತಿಗೆ ಸಡಿಲ. ಅದಕ್ಕೇ ಒಳಗೆ ಒಂದರ ಮೇಲೊಂದು ಕಾಲುಚೀಲ ಹಾಕುತ್ತಾರೆ. ನಮ್ಮ ಮಲೆನಾಡಿನ ಆಷಾಢದಲ್ಲಿ ಆ ಚೀಲ ಒಣಗುತ್ತದೆಯೇ? ಒದ್ದೆ ಚೀಲದಲ್ಲೇ ನಡೆದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಹುಣ್ಣು ಮಾಯುವ ತನಕ ಕೃತಕ ಕಾಲು ಗೋಡೆಗೆ ಒರಗಿರುತ್ತದೆ, ಅವನು ಮಂಚದಲ್ಲಿರುತ್ತಾನೆ. ಮನಸ್ಸು ಕುಗ್ಗುವುದು ಆ ದಿನಗಳಲ್ಲಿ. ಎಷ್ಟು ಜೊತೆ ಚೀಲ ಇವೆ, ಒಲೆಯ ಮೇಲೆ ಒಣಗಿಸುವವರು ಯಾರು, ತೋಟದ ಏರು ಹತ್ತಿದವನು ಜಾರುವ ಇಳಿಜಾರಿನಲ್ಲಿ ಯಾರ ಹೆಗಲು ಹಿಡಿಯುತ್ತಾನೆ, ಇದನ್ನೆಲ್ಲ ನೋಡಿ ಬರೆದರೆ ಅವನ ಧೈರ್ಯ ಎಷ್ಟೆಂದು ಓದುಗರಿಗೆ ತಾನಾಗಿ ಗೊತ್ತಾಗುತ್ತದೆ. ಇಲ್ಲದ ಪಾದ ಉರಿಯುತ್ತದೆ ಎಂದು ಅವನಂದರೆ ಅದನ್ನು ಭ್ರಮೆ ಅಂತ ಬರೆಯಬೇಡ. ನರಗಳ ನೋವು ಅದು, ನಿಜವಾದ ನೋವು.

ಊರವರು ತೆರೆದ ಜೀಪಿನಲ್ಲಿ ನಿಲ್ಲಿಸಿ ಪಟಾಕಿ ಹೊಡೆದು ಮೆರವಣಿಗೆ ಮಾಡುತ್ತಾರೆ. ಅವರ ಪ್ರೀತಿ ದೊಡ್ಡದು, ನಿಜ. ಆದರೆ ಗಾಯ ಮಾಯದ ಕಾಲಿನ ಮೇಲೆ ಒಂದು ಗಂಟೆ ನಿಲ್ಲುವುದು ಶಿಕ್ಷೆ. ಸ್ಫೋಟದಲ್ಲಿ ಗಾಯಗೊಂಡವನಿಗೆ ಪಟಾಕಿ ಸದ್ದು ಇನ್ನೂ ಕಷ್ಟ. ಆಲೂರು, ಸಕಲೇಶಪುರದಲ್ಲಿ ಆನೆ ಓಡಿಸಲು ರಾತ್ರಿಯೆಲ್ಲ ಹೊಡೆಯುತ್ತಾರಲ್ಲ, ಆಗ ಅವನಿಗೆ ನಿದ್ದೆ ಬರುತ್ತದೆಯೇ ಎಂದು ಮನೆಯವರನ್ನು ಮೆಲ್ಲಗೆ ಕೇಳು. ತೀರಾ ಒದ್ದಾಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಟ್ಟು ಬಾ.

ಇನ್ನು ತಲೆಬರಹ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು, ಅವರಲ್ಲಿ ನಮ್ಮ ಹಾಸನ ತಾಲ್ಲೂಕಿನ ತೇಜೂರಿನ ಸುಬೇದಾರರೂ ಒಬ್ಬರು. ಆಸೆ ಬಿಟ್ಟಿದ್ದಾಗ, 8ರಂದು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಆಸ್ಪತ್ರೆಯ ಬುಲೆಟಿನ್ ಸ್ಥಿತಿ ತೀರಾ ಗಂಭೀರ ಎಂದೇ ಹೇಳುತ್ತಿತ್ತು, 11ರಂದು ತೀರಿಕೊಂಡರು. ಅಂಥ ಮೂರು ದಿನಗಳಲ್ಲಿ ಬುಲೆಟಿನ್ನಿನ ಮಾತನ್ನು ಒಂದು ಅಕ್ಷರ ಹೆಚ್ಚಿಸದೆ ಹಾಕಬೇಕು. 'ಸಾವು ಗೆದ್ದ' ಎಂಬ ಪದ ಬೆಟದೂರಿನ ಮನೆಯಲ್ಲಿ ಹುಸಿ ಆಸೆ ಹುಟ್ಟಿಸುತ್ತದೆ, ತೇಜೂರಿನ ಮನೆಯಲ್ಲಿ ಇನ್ನೊಂದು ಬಗೆಯ ಸಂಕಟ. 2025ರ ಮೇ ತಿಂಗಳಲ್ಲಿ ಕೆಲವು ಚಾನೆಲ್‌ಗಳು ಕರಾಚಿ ಬಂದರೇ ನಾಶವಾಯಿತೆಂದು ಕೂಗಿದ್ದವು, ಅದು ಸುಳ್ಳಾಗಿತ್ತು. ವಾರ್ಡಿನಲ್ಲಿ ಮಲಗಿದ ಯೋಧನೂ ಅದೇ ಟೀವಿ ನೋಡುತ್ತಾನೆ. ಗಡಿಯಲ್ಲಿ ಏನಾಗುತ್ತದೆಂದು ಬಲ್ಲವನು ಅವನು. ಸುಳ್ಳು ಗೊತ್ತಾದ ಮೇಲೆ ತನ್ನ ಗಾಯದ ಬಗ್ಗೆ ಬಂದ ಹೊಗಳಿಕೆಯನ್ನೂ ಅವನು ನಂಬುವುದಿಲ್ಲ.

ಕಾರ್ಗಿಲ್‌ನಲ್ಲಿ ತೀರಿಕೊಂಡವರು 527 ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಗಾಯಗೊಂಡವರು 1,300ಕ್ಕೂ ಹೆಚ್ಚು. ಜುಲೈ 26ರ ಕಾರ್ಗಿಲ್ ವಿಜಯ ದಿನ ಬಂದರೂ ಅವರನ್ನು ಕೇಳುವವರು ಕಡಿಮೆ. ಈ ಮರೆವು ನನ್ನನ್ನು ತುಂಬಾ ಕಾಡುತ್ತದೆ. 1965ರ ಯುದ್ಧದಲ್ಲಿ ಗುಂಡು ತಿಂದ ಮುರಳಿಕಾಂತ್ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು, ಸರಿ. ಅವರ ಹೆಸರನ್ನು ಇವನ ಕೊರಳಿಗೆ ಕಟ್ಟಬೇಡ. ಇವನು ಪದಕ ಗೆಲ್ಲಬೇಕಿಲ್ಲ, ಬಸ್ ಹತ್ತಿ ಹಾಸನದ ಸೈನಿಕ ಕಲ್ಯಾಣ ಕಚೇರಿಗೆ ಹೋಗಿಬಂದರೆ ಸಾಕು. ವೈದ್ಯಕೀಯ ಮಂಡಳಿ ಅಂಗವೈಕಲ್ಯವನ್ನು ಶೇಕಡಾ ಎಷ್ಟೆಂದು ಬರೆದಿದೆ, ಯುದ್ಧಗಾಯದ ಪಿಂಚಣಿಯೋ ಬರೀ ಅಂಗವೈಕಲ್ಯದ್ದೋ, ಕಡತ ಯಾವ ಮೇಜಿನ ಮೇಲಿದೆ ಎಂಬುದನ್ನು ಕಾಗದ ನೋಡಿಯೇ ಬರಿ. ಮೂರು ತಿಂಗಳು ಬಿಟ್ಟು ಮತ್ತೆ ಹೋಗಿ ವಿಚಾರಿಸು.

ಹೋಗುವ ಮುಂಚೆ ಫೋನ್ ಮಾಡು. ಚೀಲ ಹಾಕಿ, ಕಾಲು ಕೂರಿಸಿ, ಪ್ಯಾಂಟ್ ಇಳಿಸಿಕೊಂಡು ಬಾಗಿಲಿಗೆ ಬರಲು ಅವನಿಗೆ ಹೊತ್ತು ಬೇಕು. ಅಲ್ಲಿಯ ತನಕ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ.

ನಿನ್ನ ಅಣ್ಣ