ಐಸಿಯು ಬಾಗಿಲಲ್ಲಿ ಕೂತ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ನೀನು ಕಳಿಸಿದ ರಿಪೋರ್ಟಿನ ಫೋಟೊ ನೋಡಿದೆ. ಮೊದಲ ದಿನ ಅಮ್ಮನ ಬಿಳಿ ರಕ್ತಕಣ 13,800 ಇತ್ತು, ಮೂರನೇ ದಿನಕ್ಕೆ 21,600. ಆ ಅಂಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, "ಇನ್ನೂ ಸ್ಟ್ರಾಂಗ್ ಆಂಟಿಬಯಾಟಿಕ್ ಹಾಕಿ ಅಂತ ಡಾಕ್ಟರಿಗೆ ಹೇಳಲಾ?" ಎಂದು ಕೇಳಿದ್ದೆ. ಆಗ ಕೈಯಲ್ಲಿ ಪೇಷೆಂಟ್ ಇದ್ದರು, ಸಮಾಧಾನದ ಎರಡು ಮಾತಾಡಿ ಫೋನ್ ಇಟ್ಟೆ. ಈಗ ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ನೀನು ಒಪ್ಪಿದ್ದರಿಂದ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಇಂಥದ್ದೇ ಚೀಟಿ ಹಿಡಿದು ಆಸ್ಪತ್ರೆಯ ಕಬ್ಬಿಣದ ಕುರ್ಚಿಯಲ್ಲಿ ರಾತ್ರಿ ಕಳೆಯುವವನು ನೀನೊಬ್ಬನೇ ಅಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಬೇಡ, ಹಾಗೆ ಹೇಳಬೇಡ.

ಆರೋಗ್ಯವಾಗಿರುವವರಲ್ಲಿ ಈ ಕೌಂಟ್ ಸುಮಾರು 4,000ದಿಂದ 11,000. ಐಸಿಯುಗೆ ಬಂದವರಲ್ಲಿ ಅದು ಮೇಲೇರುವುದು ಬಹಳ ಸಾಮಾನ್ಯ. ಸೋಂಕಿನಿಂದ ಏರುತ್ತದೆ, ನಿಜ. ದೊಡ್ಡ ಆಪರೇಷನ್ ಆದರೂ ಏರುತ್ತದೆ, ಮೂಳೆ ಮುರಿದರೂ, ಸುಟ್ಟಗಾಯವಾದರೂ, ಹಾರ್ಟ್ ಅಟ್ಯಾಕ್ ಆದರೂ, ಫಿಟ್ಸ್ ಬಂದರೂ ಏರುತ್ತದೆ. ಮೈಗೆ ಪೆಟ್ಟು ಬಿತ್ತು ಎಂಬುದಷ್ಟೇ ಆ ಅಂಕಿಯ ಮಾತು. ಯಾರು ಹೊಡೆದರು ಎಂದು ಅದು ಹೇಳುವುದಿಲ್ಲ.

ಅಮ್ಮನ ವಿಷಯದಲ್ಲಿ ಇನ್ನೊಂದು ಕಾರಣ ನಿನ್ನ ಮೆಸೇಜಿನಲ್ಲೇ ಇತ್ತು. ನಲವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದ ಶ್ವಾಸಕೋಶ ಅವರದು. (ಆ ಒಲೆಯ ಮುಂದೆ ಕೂತು ಬಿಸಿ ಅಕ್ಕಿರೊಟ್ಟಿ ತಿಂದವರಲ್ಲಿ ನಾನೂ ಒಬ್ಬ. ಆಗ ಕಣ್ಣುರಿಗೆ ನಾವು ಹೊರಗೆ ಓಡುತ್ತಿದ್ದೆವು, ಅವರು ಅಲ್ಲೇ ಇರುತ್ತಿದ್ದರು.) ಈ ಸಲ ನ್ಯುಮೋನಿಯಾ ಜೊತೆಗೆ ಉಬ್ಬಸವೂ ಕೆರಳಿದ್ದಕ್ಕೆ ಸ್ಟೀರಾಯ್ಡ್ ಶುರು ಮಾಡಿದ್ದಾರೆ ಎಂದು ನೀನೇ ಬರೆದಿದ್ದೀಯ. ನಮ್ಮ ರಕ್ತನಾಳದೊಳಗೆ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಲ್ಲಿ ಸುಮಾರು ಅರ್ಧದಷ್ಟು ನಾಳದ ಗೋಡೆಗೆ ಅಂಟಿಕೊಂಡಿರುತ್ತವೆ. ಸಿರಿಂಜಿನಲ್ಲಿ ಎಳೆದ ರಕ್ತಕ್ಕೆ ಅವು ಸಿಗುವುದಿಲ್ಲ. ಸ್ಟೀರಾಯ್ಡ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಅವು ಗೋಡೆ ಬಿಟ್ಟು ಹರಿವಿಗೆ ಬರುತ್ತವೆ. ಅರಳಿಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ದಾರಿಗಿಳಿದ ಹಾಗೆ: ಊರಿನ ಜನ ಅಷ್ಟೇ, ದಾರಿಯಲ್ಲಿ ಕಾಣುವವರು ಹೆಚ್ಚು. ರಕ್ತಕಣ ತಯಾರಾಗುವ ಮೂಳೆಮಜ್ಜೆಯಿಂದಲೂ ಒಂದಷ್ಟು ಕಣ ಹೊರಬೀಳುತ್ತವೆ. ಹೀಗಾಗಿ ಹೊಸ ಸೋಂಕು ಇಲ್ಲದೆಯೂ ಕೌಂಟ್ 20,000 ದಾಟಬಹುದು.

ಇದು ಸ್ಟೀರಾಯ್ಡಿನದ್ದೇ ಎಂದು ನಾನು ಇಲ್ಲಿಂದ ಪ್ರಮಾಣ ಮಾಡಲಾರೆ. ಗಂಟಲಲ್ಲಿ ಟ್ಯೂಬ್ ಇದೆ, ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಸೆಂಟ್ರಲ್ ಲೈನ್ ಎಂಬ ನಳಿಕೆ ಇದೆ, ಯೂರಿನ್ ಪೈಪ್ ಇದೆ. ಮೂರೂ ಹೊಸ ಸೋಂಕಿಗೆ ದಾರಿಗಳೇ. ಅದಕ್ಕೇ ಅಲ್ಲಿನ ಡಾಕ್ಟರು, ಬ್ಯಾಕ್ಟೀರಿಯಾ ಬೆಳೆಯುತ್ತದಾ ಎಂದು ನೋಡುವ ಕಲ್ಚರ್ ಪರೀಕ್ಷೆಗೆ ಮತ್ತೆ ಕಳಿಸಿದ್ದಾರೆ. ಅದರ ಫಲ ಬರಲು ಒಂದೆರಡು ದಿನವಾದರೂ ಬೇಕು, ಕೆಲವೊಮ್ಮೆ ಹೆಚ್ಚು. ಅಷ್ಟರಲ್ಲಿ ಡಿಫರೆನ್ಷಿಯಲ್ ಕೌಂಟ್ (ಯಾವ ಬಗೆಯ ಬಿಳಿ ಕಣ ಎಷ್ಟಿದೆ ಎಂಬ ಲೆಕ್ಕ) ಮತ್ತು ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತ) ನೋಡುತ್ತಾರೆ. ಪೂರ್ತಿ ಬೆಳೆಯದ ಬ್ಯಾಂಡ್ ಕಣಗಳು ಹೆಚ್ಚಿದ್ದರೆ ಸೋಂಕಿನ ಅನುಮಾನ ಬಲವಾಗುತ್ತದೆ. ಬರೀ ಸ್ಟೀರಾಯ್ಡಿನಿಂದ ಏರಿದ್ದರೆ ಅವು ಸಾಮಾನ್ಯವಾಗಿ ಕಡಿಮೆ.

ನಿನ್ನ ಅಕ್ಕ ಫೋನಿನಲ್ಲಿ ಹುಡುಕಿ ಬ್ಲಡ್ ಕ್ಯಾನ್ಸರ್ ಎಂದು ಓದಿ ಅಳುತ್ತಿದ್ದಾಳೆ ಎಂದೆಯಲ್ಲ, ಅವಳಿಗೆ ಹೇಳು: ಬರೀ ಸೋಂಕಿನಿಂದಲೇ 50,000 ದಾಟಿದವರಿದ್ದಾರೆ. ಎರಡೇ ದಿನದಲ್ಲಿ, ಕಾರಣ ಕಣ್ಣೆದುರೇ ಇರುವಾಗ ಹೀಗೆ ಏರಿದ್ದಕ್ಕೆ ಕ್ಯಾನ್ಸರ್ ಎಂದು ಹೆದರಬೇಕಿಲ್ಲ.

ಇನ್ನು ಆಂಟಿಬಯಾಟಿಕ್. ಇದನ್ನು ಬರೆಯಲು ನನಗೆ ಕಷ್ಟ. ಕೆಲವು ವರ್ಷಗಳ ಹಿಂದೆ ನನ್ನ ಕೈಯಲ್ಲಿ ಒಬ್ಬ ಅಜ್ಜ ಇದ್ದರು, ಕರುಳಿನ ಆಪರೇಷನ್ ಆದವರು. ಜ್ವರ ಇಳಿದಿತ್ತು, ಬಿಪಿ ಚೆನ್ನಾಗಿತ್ತು, ಕೌಂಟ್ ಮಾತ್ರ 28,000. ನಾನು ಆಂಟಿಬಯಾಟಿಕ್ ಬದಲಿಸಿದೆ. ಮಾರನೇ ದಿನ 31,000, ಇನ್ನೊಂದು ಸೇರಿಸಿದೆ. ಕೊನೆಗೆ ಕೊಲಿಸ್ಟಿನ್‌ವರೆಗೂ ಹೋದೆ. ಅದು ಕಿಡ್ನಿಗೆ ಪೆಟ್ಟು ಕೊಡುವ ಮದ್ದು, ಅವರಿಗೂ ಕೊಟ್ಟಿತು. ಒಂದು ಬೆಳಿಗ್ಗೆ ಆಯಾ ಬಂದು, "ಡಾಕ್ಟ್ರೇ, ಅಜ್ಜಂಗೆ ರಾತ್ರಿಯಿಂದ ಆರು ಸಲ ಡೈಪರ್ ಬದಲಾಯಿಸ್ದೆ" ಎಂದಳು. ಆಗ ಹೊಳೆಯಿತು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾ ಇದೆ. ಆಂಟಿಬಯಾಟಿಕ್‌ಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದಾಗ ಇದು ಬೆಳೆದು ಭೇದಿ ತರುತ್ತದೆ, ಕೌಂಟನ್ನು ಮೇಲೆ ಎಳೆಯುತ್ತದೆ. ಏರುತ್ತಿದ್ದ ಅಂಕಿಗೆ ನಾನು ಕೊಡುತ್ತಿದ್ದ ಮದ್ದೇ ಕಾರಣವಾಗಿತ್ತು. ಎಲ್ಲ ನಿಲ್ಲಿಸಿ, ಈ ಬ್ಯಾಕ್ಟೀರಿಯಾಕ್ಕೆ ಕೊಡುವ ಮದ್ದಾದ ವ್ಯಾಂಕೊಮೈಸಿನ್ ಅನ್ನು ಮೂಗಿನ ಟ್ಯೂಬಿನಲ್ಲಿ ಕೊಟ್ಟೆವು. ಬದುಕಿದರು. ಆದರೆ ಅಷ್ಟರಲ್ಲಿ ಮಗ ಹೆಂಡತಿಯ ಬಳೆ ಅಡವಿಟ್ಟಾಗಿತ್ತು. ಆ ಅಜ್ಜನ ಹೊಟ್ಟೆ ಮುಟ್ಟಿ ನೋಡುವ ಮೊದಲು ನಾನು ಲ್ಯಾಬ್ ರಿಪೋರ್ಟ್ ನೋಡುತ್ತಿದ್ದೆ.

ಆಂಟಿಬಯಾಟಿಕ್ ಬೇಡ ಎನ್ನುತ್ತಿಲ್ಲ. ಸೋಂಕು ಅಂಗಾಂಗಗಳನ್ನೇ ಕೆಡಿಸುವ ಸೆಪ್ಸಿಸ್‌ನಿಂದ ಬಿಪಿ ಕುಸಿದವರಿಗೆ ಒಂದು ಗಂಟೆಯೊಳಗೆ ಕೊಡಬೇಕು, ಕೌಂಟಿಗಾಗಿ ಕಾಯಬಾರದು. ಅಮ್ಮನಿಗೂ ಬಂದ ರಾತ್ರಿಯೇ ಕೊಟ್ಟಿದ್ದಾರೆ.

ನಮ್ಮ ವೈದ್ಯರ ಲೋಕವೂ ಇದನ್ನು ಕಲಿಯಲು ಸಮಯ ತೆಗೆದುಕೊಂಡಿತು. 1992ರಲ್ಲಿ ಪ್ರಕಟವಾದ ಸೆಪ್ಸಿಸ್ ವ್ಯಾಖ್ಯೆಯಲ್ಲಿ 12,000ಕ್ಕಿಂತ ಹೆಚ್ಚು ಅಥವಾ 4,000ಕ್ಕಿಂತ ಕಡಿಮೆ ಕೌಂಟ್ ಒಂದು ಮುಖ್ಯ ಗುರುತಾಗಿತ್ತು. 2016ರ ವ್ಯಾಖ್ಯೆ ನೋಡುವುದು ಅಂಗಾಂಗಗಳನ್ನು: ಶ್ವಾಸಕೋಶ, ಬಿಪಿ, ಪ್ರಜ್ಞೆ, ಕಿಡ್ನಿ, ಲಿವರ್, ಪ್ಲೇಟ್‌ಲೆಟ್. ಅವಕ್ಕೆ ಅಂಕ ಕೊಡುವ ಸೋಫಾ ಸ್ಕೋರಿನಲ್ಲಿ ಬಿಳಿ ರಕ್ತಕಣಕ್ಕೆ ಜಾಗವೇ ಇಲ್ಲ.

ಹಾಗೆಯೇ, ಕೌಂಟ್ ಇಳಿಯಿತು ಎಂದು ದೇವರಿಗೆ ಕಾಯಿ ಒಡೆಯಲೂ ಆತುರ ಬೇಡ. ಜೋರು ಸೋಂಕಿನಲ್ಲಿ 18,000 ಇದ್ದದ್ದು ಥಟ್ಟನೆ 2,000ಕ್ಕೆ ಬಿದ್ದರೆ ನನಗೆ ನಡುಕ ಬರುತ್ತದೆ, ಮಜ್ಜೆ ಸೋತಿದೆ ಎಂದು. ಡೆಂಗಿಯಲ್ಲಿ, ನಮ್ಮ ಮಲೆನಾಡಿನ ಮಂಗನ ಕಾಯಿಲೆಯಲ್ಲಿ ಕೌಂಟ್ ಇಳಿಯುವುದೇ ಹೆಚ್ಚು. ಕಡಿಮೆ ಅಂಕಿ ಇಟ್ಟುಕೊಂಡೇ ಆ ರೋಗಿಗಳು ಕಷ್ಟಕ್ಕೆ ಬೀಳುತ್ತಾರೆ.

ಹಾಗಾದರೆ ಡಾಕ್ಟರ ಹತ್ತಿರ ಏನು ಕೇಳಬೇಕು? ಬಿಪಿ ಏರಿಸಲು ಸಿರಿಂಜ್ ಪಂಪಿನಲ್ಲಿ ಹೋಗುತ್ತಿರುವ ನಾರ್‌ಅಡ್ರಿನಲಿನ್ ನಿನ್ನೆಗಿಂತ ಕಡಿಮೆಯಾಗಿದೆಯಾ ಎಂದು ಕೇಳು. ಯೂರಿನ್ ಎಷ್ಟು ಹೋಗಿದೆ, ವೆಂಟಿಲೇಟರಿನಲ್ಲಿ ಆಕ್ಸಿಜನ್ ಎಷ್ಟು ಪರ್ಸೆಂಟ್, ಕರೆದರೆ ಕಣ್ಣು ಬಿಡುತ್ತಾರಾ. ನೀನು ಬರೆದ ಪ್ರಕಾರ ನಾರ್‌ಅಡ್ರಿನಲಿನ್ ಅರ್ಧಕ್ಕಿಳಿದಿದೆ, ವೆಂಟಿಲೇಟರ್ ಕೊಡಬೇಕಾದ ಆಕ್ಸಿಜನ್ 60 ಪರ್ಸೆಂಟಿನಿಂದ 40ಕ್ಕೆ ಇಳಿದಿದೆ, ಎರಡೂ ಒಳ್ಳೆಯ ಸುದ್ದಿ. ನಿನ್ನ ಕೆಂಪು ಪೆನ್ನು ಈ ಎರಡರ ಸುತ್ತ ಓಡಲಿಲ್ಲ. ನಾನಾಗಿದ್ದರೆ ಮೊದಲು ಇವನ್ನೇ ನೋಡುತ್ತಿದ್ದೆ.

ಅಮ್ಮನ ಮಂಚದ ಪಕ್ಕ ನಿಂತಿರುವವರು ಅಲ್ಲಿನ ಡಾಕ್ಟರು, ಸಿಸ್ಟರುಗಳು. ಅವರು "ಇದೇ ಆಂಟಿಬಯಾಟಿಕ್ ಮುಂದುವರಿಸೋಣ, ಕಾದು ನೋಡೋಣ" ಎಂದರೆ ಅಸಡ್ಡೆ ಎಂದುಕೊಳ್ಳಬೇಡ. ಏರುವ ಅಂಕಿಯ ಎದುರು ಸುಮ್ಮನಿರಲು ಎಷ್ಟು ಧೈರ್ಯ ಬೇಕು ಎಂದು ನನಗೆ ಗೊತ್ತು.

ನಾಳೆ ಬೆಳಿಗ್ಗೆ ಒಳಗೆ ಬಿಟ್ಟಾಗ ಕೈ ಚೆನ್ನಾಗಿ ತೊಳೆದುಕೊಂಡು ಹೋಗು. ಗೋಡೆಯ ಮೇಲಿನ ಮಾನಿಟರ್ ನೋಡುತ್ತಾ ನಿಲ್ಲಬೇಡ. ಅಮ್ಮಾ ಎಂದು ಕರೆದು ಮಾತಾಡಿಸು, ಹಸು ಕರು ಹಾಕಿದ್ದನ್ನು ಹೇಳು, ಕೇಳಿಸುತ್ತಿರಬಹುದು. ಕೈ ಹಿಡಿದುಕೊಂಡು ಬೆರಳ ತುದಿ ಬೆಚ್ಚಗಿದೆಯಾ ನೋಡಿ ನನಗೆ ಫೋನ್ ಮಾಡು. ಎದ್ದೇ ಇರುತ್ತೇನೆ.

ನಿನ್ನವನೇ,
ಗೆಳೆಯ